ಹಳ್ಳಕ್ಕೆ ಇಸ್ತ್ರಿ ಮಾಡಿದ ಭಾವ

ನಮ್ಮ ಭಾವನವರು ಹೊಲಿದ ಅಂಗಿ ತೊಟ್ಟವರು ಪೂರ್ತಿ ಕೈ ಎತ್ತಿದ್ದನ್ನು ನಾನಂತೂ ನೋಡಿಲ್ಲ. ಕಂಕುಳಲ್ಲಿ ಹಿಡಿಯುತ್ತದೆ. ದೂರು ತಂದವರನ್ನು ಅವರು ಅಂಗಡಿಯ ಕನ್ನಡಿಯ ಮುಂದೆ ನಿಲ್ಲಿಸಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ತೀರ್ಪು ಕೊಡುತ್ತಾರೆ: “ಅಂಗಿ ಸರಿಯಾಗೇ ಇದೆ. ನಿಮ್ಮ ಭುಜಾನೇ ಓರೆ.” ಊರು ತುಂಬ ಓರೆ ಭುಜದವರೇ ಹುಟ್ಟಿದರೆ, ಪಾಪ, ಅವರಾದರೂ ಏನು ಮಾಡಿಯಾರು! ಒಮ್ಮೆ ಹೊಲಿದದ್ದನ್ನು ಬಿಚ್ಚುವುದು ಅವರ ಜಾಯಮಾನದಲ್ಲೇ ಇಲ್ಲ.

ಇನ್ನು ಸುಕ್ಕು ಕಂಡರಂತೂ ಅವರಿಗೆ ಅನ್ನ ಇಳಿಯುವುದಿಲ್ಲ. ಕೈವಸ್ತ್ರಕ್ಕೆ ಇಸ್ತ್ರಿ, ದಿಂಬಿನ ಚೀಲಕ್ಕೆ ಇಸ್ತ್ರಿ, ನೆಲ ಒರೆಸುವ ಬಟ್ಟೆಗೂ ಇಸ್ತ್ರಿ. ಬೀದಿಯವರು ಬೆನ್ನ ಹಿಂದೆ ‘ಇಸ್ತ್ರಿ ಮಾವ’ ಅನ್ನುತ್ತಾರೆ. ಅದು ತಮಗೆ ಸಿಕ್ಕ ಬಿರುದೆಂದು ಅವರು ತಿಳಿದಿದ್ದಾರೆ.

ಅಪ್ಪ ಅಕ್ಕನಿಗೂ ನನಗೂ ಬಿಟ್ಟುಹೋದ ಜಮೀನಿನ ನಡುವೆ ಒಂದು ಸಣ್ಣ ಹಳ್ಳ ಹರಿಯುತ್ತದೆ. ವರ್ಷಗಟ್ಟಲೆ ಯಾರೂ ಅದರ ಕಡೆ ತಿರುಗಿ ನೋಡಿರಲಿಲ್ಲ. ಮುರಿದ ಕುರ್ಚಿ, ಹರಿದ ಹಾಸಿಗೆ, ಭಾವನವರ ಅಂಗಡಿಯ ಮೂಟೆಗಟ್ಟಲೆ ಚಿಂದಿ, ಎಲ್ಲ ಅದರ ಹೊಟ್ಟೆಗೇ. ಹಳ್ಳ ತಿರುಗುವ ಕಡೆ ಬಾವಿಯಿದೆ. ಆ ಬಾವಿಯ ನೀರಿನಲ್ಲಿ ಅಕ್ಕ ಹೂವಿನ ಸಸಿ, ತರಕಾರಿ ಸಸಿ ಬೆಳೆಸಿ ಮಾರುತ್ತಾಳೆ. ಇಡೀ ಬದುಕಿನಲ್ಲಿ ತನ್ನದು ಅಂತ ಅವಳಿಗಿರುವುದು ಅದೊಂದೇ. ಹಳ್ಳ ಕಟ್ಟಿಕೊಂಡು ಬಾವಿಯ ನೀರು ಇಳಿಯತೊಡಗಿದಾಗ ಅವಳು ಗಂಡನನ್ನು ಕೇಳಿದ್ದು ಇಷ್ಟೇ: “ರೀ, ಆ ಹಳ್ಳ ಸ್ವಲ್ಪ ಚೊಕ್ಕ ಮಾಡಿಸ್ಕೊಡ್ರೀ. ಸಸಿಗೆ ನೀರು ಸಾಲ್ತಿಲ್ಲ.”

ಚೊಕ್ಕ ಮಾಡಿಸಿದರು. ಆಳುಗಳ ಜೊತೆ ತಾವೂ ಇಳಿದು ಚಿಂದಿ ಎಳೆದರು. ನೀರು ಹರಿಯಿತು, ಬಾವಿಯೂ ಒಂದಿಷ್ಟು ಏರಿತು. ಅಲ್ಲಿಗೇ ಕೈ ತೊಳೆದುಕೊಂಡಿದ್ದರೆ ನಾನೂ ಹೊಗಳುತ್ತಿದ್ದೆ. ಆದರೆ ಕಸ ಹೋದ ಮೇಲೆ ಹಳ್ಳದ ತಿರುವು ಅವರ ಕಣ್ಣಿಗೆ ಬಿತ್ತು. ಸೊಟ್ಟಗಿರುವ ಹಳ್ಳ! ಅದೂ ತಮ್ಮ ಕಣ್ಣೆದುರಿಗೆ! ಕೊರಳಿಗೆ ಅಳತೆ ಟೇಪು ನೇತುಹಾಕಿಕೊಂಡು, ಈ ತುದಿಯಿಂದ ಆ ತುದಿಗೆ ದಾರ ಹಿಡಿದು, ಸುಣ್ಣದಲ್ಲಿ ಗೆರೆ ಎಳೆದು ನೇರ ಕಾಲುವೆ ಅಗೆಸಿದರು. ಹಳೇ ತಿರುವಿಗೆ ನೀರು ಹೋಗದಂತೆ ಅಡ್ಡ ಗೋಡೆ ಕಟ್ಟಿಸಿದರು. ಕಲ್ಲು, ಜೊಂಡು ಎಲ್ಲ ಕಿತ್ತು ದಡಕ್ಕೆ ಹಾಕಿಸಿ, ತಳಕ್ಕೂ ಸಿಮೆಂಟು ಬಳಿಸಿದರು. ಆಮೇಲೆ ಗಿರಾಕಿಗಳನ್ನು ಕರೆತಂದು ತೋರಿಸಿದ್ದೇ ತೋರಿಸಿದ್ದು. “ನೋಡಿ, ಎಲ್ಲಾದ್ರೂ ಒಂದು ಸುಕ್ಕಿದ್ಯಾ?”

ಸುಕ್ಕಿರಲಿಲ್ಲ. ನೀರು ಬಾವಿಯ ಕಡೆ ಕ್ಯಾರೇ ಅನ್ನದೆ ಬೇಲಿ ದಾಟಿ ಓಡಿತು. ಸ್ವಲ್ಪ ದಿನದಲ್ಲೇ ಅಕ್ಕನ ಬಕೆಟ್ಟಿಗೆ ಬರೀ ಕೆಸರು ಸಿಕ್ಕಿತು. ಸಸಿಗಳು ತಲೆ ಬಾಗಿಸಿದವು. ನಾನೇ ಹೋಗಿ ಭಾವನವರನ್ನು ಬಾವಿಕಟ್ಟೆಗೆ ಕರೆತಂದೆ. ಅವರು ಬಗ್ಗಿ ನೋಡಿದರು, ತಲೆದೂಗಿದರು.

“ಹಳ್ಳ ಸರಿಯಾಗೇ ಇದೆ. ನಿಮ್ಮಪ್ಪ ಬಾವೀನೇ ತಪ್ಪು ಜಾಗದಲ್ಲಿ ತೋಡಿಸಿದ್ದಾರೆ.”

ನನ್ನ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದನ್ನು ಅಂದೇಬಿಡುತ್ತಿದ್ದೆ. ಅಷ್ಟರಲ್ಲಿ ಅಕ್ಕ ಕೊಟ್ಟಿಗೆಯಿಂದ ಹಾರೆ ತಂದಳು. ಹಳೇ ತಿರುವಿಗೆ ಅಡ್ಡ ಬಂದಿದ್ದ ಗೋಡೆಯ ಮುಂದೆ ನಿಂತು ಎತ್ತಿದಳು. ಹಾರೆ ಭುಜದ ಮೇಲಕ್ಕೆ ಹೋಗಲೇ ಇಲ್ಲ. ಅವಳು ತೊಟ್ಟಿದ್ದೂ ಗಂಡ ಹೊಲಿದ ಅಂಗಿಯೇ ತಾನೆ! ಮತ್ತೆ ಎತ್ತಿದಳು. ಕಂಕುಳಲ್ಲಿ ಪರ್ರೆಂದು ಹರಿಯಿತು, ಹಾರೆ ದಬ್ಬೆಂದು ಗೋಡೆಗೆ ಬಿತ್ತು.

“ಅಯ್ಯಯ್ಯೋ, ಹೊಲಿಗೆ ಹೋಯ್ತಲ್ಲೇ!” ಅಂದರು ಭಾವನವರು. ಗೋಡೆ ಹೋಗುತ್ತಿರುವುದು ಅವರಿಗಿನ್ನೂ ತಿಳಿದಿರಲಿಲ್ಲ.

“ಹೋಗ್ಲಿ ಬಿಡಿ,” ಅಂದಳು ಅಕ್ಕ, ಮತ್ತೊಂದು ಏಟು ಹಾಕುತ್ತ. “ಈಗ ಕೈ ಆಡ್ತಿದೆ.”

ನಾನೂ ಪಿಕಾಸಿ ಹಿಡಿದೆ. ಗೋಡೆ ಒಡೆದು, ತಳದ ಸಿಮೆಂಟು ಎಬ್ಬಿಸಿ, ದಡದ ಕಲ್ಲುಗಳನ್ನು ಕಾಲುವೆಗೆ ಉರುಳಿಸಿದೆವು. ನೀರು ಕಲ್ಲಿಗೆ ತಾಗಿ, ಹಳೇ ತಿರುವಿನತ್ತ ಹೊರಳಿ, ನಿಧಾನವಾಗಿ ನೆಲಕ್ಕೆ ಇಂಗತೊಡಗಿತು. ಅಕ್ಕನ ಅರ್ಧ ಸಸಿಗಳು ಅಷ್ಟರಲ್ಲೇ ಒಣಗಿದ್ದವು. ಉಳಿದವು ಬದುಕಿಕೊಂಡವು, ಯಾಕೆಂದರೆ ಬಾವಿ ಮತ್ತೆ ಏರಿತು.

ಭಾವನವರು ಈಗಲೂ ಗಿರಾಕಿಗಳನ್ನು ಕರೆತರುತ್ತಾರೆ. ನಾಚಿಕೆ ಅನ್ನುವುದು ಅವರ ಅಂಗಡಿಯಲ್ಲಿ ಸಿಗುವ ಬಟ್ಟೆಯಲ್ಲ. “ಸೊಂಟದ ಹತ್ರ ಸ್ವಲ್ಪ ಸಡಿಲ ಬಿಟ್ಟೆ ನೋಡಿ,” ಎಂದು ತಿರುವು ತೋರಿಸುತ್ತಾರೆ. ಮೊನ್ನೆಯೂ ಹಾಗೇ ಕೊಚ್ಚಿಕೊಂಡು, ಬಾವಿಕಟ್ಟೆಯಲ್ಲಿದ್ದ ಅಕ್ಕನ ಕಂಕುಳು ಕಂಡು ಮುಖ ಸಿಂಡರಿಸಿದರು.

“ಇನ್ನೂ ಆ ಹರಕು ಅಂಗೀನೇ ಹಾಕ್ಕೊಂಡಿದ್ದೀಯಲ್ಲೇ. ಕೊಡು, ಹೊಲಿದು ಕೊಡ್ತೀನಿ.”

“ಬೇಡ ರೀ,” ಅಂದಳು ಅಕ್ಕ. “ಅಂಗಿ ಸರಿಯಾಗೇ ಇದೆ.” ಹಾಗಂದು ಎರಡೂ ಕೈ ಮೇಲೆತ್ತಿ ಹಗ್ಗ ಎಳೆದಳು.