ತೊಳೆದಿಟ್ಟ ಡಬ್ಬಿ

ಮೊದಲು ಬಂದದ್ದು ಬೆವರು. ಚಳಿಗಾಲದ ಬೆಳಗ್ಗೆ ಚಹಾ ಕುಡಿಯುತ್ತ ಕೂತಿದ್ದ ನನ್ನ ಗಂಡ ಇಕ್ಬಾಲರ ಅಂಗಿ ಬೆನ್ನಿಗೆ ಅಂಟಿಕೊಂಡಿತು. ತಲೆ ಸಿಡಿಯುತ್ತಿದೆ ಎಂದರು. ಎದೆ ಮುಟ್ಟಿ ನೋಡಿದೆ, ಡವಡವ ಹೊಡೆದುಕೊಳ್ಳುತ್ತಿತ್ತು. ಕಾಲು ಗಂಟೆಯಲ್ಲಿ ಎಲ್ಲ ಸರಿಹೋಯಿತು. "ಗ್ಯಾಸು" ಎಂದು ಎದ್ದು ಅಂಗಡಿಗೆ ಹೊರಟರು. ಭದ್ರಾವತಿಯಲ್ಲಿ ಅವರದು ಗಾಡಿಗಳ ವೈರಿಂಗ್ ರಿಪೇರಿ ಅಂಗಡಿ. ಯಾರದೇ ಗಾಡಿಯಲ್ಲಿ ಎಲ್ಲಿ ಶಾರ್ಟ್ ಆಗಿದೆ ಎಂದು ವಾಸನೆಯಲ್ಲೇ ಹಿಡಿಯುವ ಮನುಷ್ಯ, ತಮ್ಮ ಮೈಗೆ ಏನಾದರೂ ಗ್ಯಾಸು ಅನ್ನುತ್ತಾರೆ.

ಆ ಗ್ಯಾಸು ವಾರಕ್ಕೆ ಮೂರು ಸಲ ಬರತೊಡಗಿತು.

ಇದರ ನಡುವೆ ಹರ್ನಿಯಾ. ಶಿವಮೊಗ್ಗದ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ದಿನ ಗೊತ್ತಾಯಿತು. ಆದರೆ ಬಿಪಿ ನೋಡಿದ ನರ್ಸ್ ಮತ್ತೊಮ್ಮೆ ನೋಡಿದರು, ಆಮೇಲೆ ಡಾಕ್ಟರನ್ನೇ ಕರೆದರು. ಮೂರು ಬಗೆಯ ಮಾತ್ರೆಗೂ ಅದು ಇಳಿಯಲಿಲ್ಲ. ಬೆವರು, ತಲೆನೋವು ಎಲ್ಲ ಕೇಳಿದ ಮೇಲೆ ಡಾಕ್ಟರ್ ನನ್ನ ಕಡೆ ತಿರುಗಿದರು.

"ಕಿಡ್ನಿ ಮೇಲೆ ಒಂದು ಸಣ್ಣ ಗ್ರಂಥಿ ಇರುತ್ತಮ್ಮ. ಅದರಲ್ಲಿ ಗಡ್ಡೆ ಇದ್ರೆ ಹೀಗೆಲ್ಲ ಆಗುತ್ತೆ. ಅದು ಗೊತ್ತಿಲ್ಲದೆ ಅನಸ್ತೇಷಿಯಾ ಕೊಟ್ರೆ ಟೇಬಲ್ ಮೇಲೇ ಜೀವಕ್ಕೆ ಅಪಾಯ. ಇಪ್ಪತ್ನಾಲ್ಕು ಗಂಟೆ ಯೂರಿನ್ ಟೆಸ್ಟ್ ಮಾಡಿಸಿ. ನಾರ್ಮಲ್ ಬಂದ್ರೆ ಮುಂದಿನ ಗುರುವಾರ ಆಪರೇಷನ್ ಮಾಡೋಣ."

ಟೇಬಲ್ ಮೇಲೇ ಜೀವಕ್ಕೆ ಅಪಾಯ.

ಲ್ಯಾಬಿನಲ್ಲಿ ಡಬ್ಬಿ ಕೊಡುವಾಗ ನಾನು ಜೊತೆಗಿರಲಿಲ್ಲ, ಮಾತ್ರೆ ತರಲು ಹೋಗಿದ್ದೆ. ಬಂದು ನೋಡಿದರೆ ಡಬ್ಬಿಗೆ ಪೇಪರ್ ಸುತ್ತಿ, ಬಟ್ಟೆಚೀಲಕ್ಕೆ ಹಾಕಿ, ಚೀಲವನ್ನು ಕಂಕುಳಲ್ಲಿ ಹಿಡಿದುಕೊಂಡಿದ್ದರು. ಬಸ್ಸಿನಲ್ಲಿ ಪಕ್ಕದವರು ಸರಿದು ಕೂತರೂ ಇವರ ಮುಖ ಕೆಂಪಾಗುತ್ತಿತ್ತು. "ಲ್ಯಾಬಿನವರು ಏನ್ ಹೇಳಿದ್ರು?" ಎಂದು ಕೇಳಿದೆ. "ಹೇಳೋದೇನಿದೆ, ತುಂಬಿಸಿ ಕೊಡೋದು" ಎಂದು ಕಿಟಕಿಯ ಕಡೆ ತಿರುಗಿಬಿಟ್ಟರು.

ಮನೆಯಲ್ಲಿ ಮುಚ್ಚಳ ತೆಗೆದೆ. ತಳದಲ್ಲಿ ನೀರಿನಂಥದ್ದು ಸ್ವಲ್ಪ ಇತ್ತು, ಮೂಗಿಗೆ ಘಾಟು ಹೊಡೆಯಿತು. ಯಾರದ್ದೋ ಉಳಿದದ್ದು! ಛೀ, ಇಂಥ ನಾಪಾಕ್, ಅಶುದ್ಧ ವಸ್ತುವನ್ನು ಮನೆಗೆ ಕಳಿಸಿದ್ದಾರಲ್ಲ ಎಂದು ಮೈ ಉರಿಯಿತು. ಎಲ್ಲ ಬಚ್ಚಲಿಗೆ ಸುರಿದೆ. ಬೆರಳು ಚುರ್ ಎಂದಿತು, ಅದಕ್ಕೂ ಆಸ್ಪತ್ರೆಯವರನ್ನೇ ಬೈದೆ. ಬಿಸಿನೀರು, ಸೋಪಿನ ಪುಡಿ ಹಾಕಿ ಮೂರು ಸಲ ತಿಕ್ಕಿ ತೊಳೆದು, ಕಾಂಪೌಂಡಿನ ಮೇಲೆ ಬಿಸಿಲಿಗೆ ಬೋರಲು ಹಾಕಿದೆ. ನಮ್ಮ ಮನೆಯಲ್ಲಿ ಪಾಕ್ ಸಾಫ್ ವಿಷಯದಲ್ಲಿ ನನ್ನ ಮಾತೇ ಕೊನೆ.

ಇಪ್ಪತ್ನಾಲ್ಕು ಗಂಟೆ ಡಬ್ಬಿ ತುಂಬಿಸಬೇಕಲ್ಲ, ಮರುದಿನ ಇಕ್ಬಾಲ್ ಅಂಗಡಿಗೆ ಹೋಗಲಿಲ್ಲ. ಅದರ ಮರುದಿನ ಬೆಳಗ್ಗೆ ಡಬ್ಬಿ ಲ್ಯಾಬಿಗೆ ಸೇರಿತು.

ಬುಧವಾರ ಆಸ್ಪತ್ರೆಯಲ್ಲಿ ರಿಪೋರ್ಟ್ ಕೈಗೆ ಬಂತು. ನಾರ್ಮಲ್.

ಎಷ್ಟು ತಿಂಗಳಾಗಿತ್ತೋ ಅವರು ಹಾಗೆ ನಕ್ಕು. ಅಣ್ಣನಿಗೆ ಫೋನ್ ಮಾಡಿದರು. "ನಾಳೆ ಆಗಿಹೋಗ್ಲಿ ಮಾರಾಯ್ತಿ, ಒಂದ್ಸಲ ಮುಗೀಲಿ" ಎಂದು ಕ್ಯಾಂಟೀನಿಗೆ ಇಳಿದರು. ಇನ್ನೊಂದು ಬ್ಲಡ್ ರಿಪೋರ್ಟ್ ಬರಬೇಕಿತ್ತು, ನಾನು ಲ್ಯಾಬಿನ ಕಿಟಕಿಯ ಹತ್ತಿರ ನಿಂತೆ. ಒಳಗಿದ್ದ ಟೆಕ್ನಿಷಿಯನ್ ಹುಡುಗಿ ಒಬ್ಬ ಅಜ್ಜಿಗೆ ಅಂಥದ್ದೇ ಡಬ್ಬಿ ಕೊಡುತ್ತಿದ್ದಳು.

"ಅಜ್ಜಿ, ಒಳಗೆ ಆಸಿಡ್ ಹಾಕಿದೀವಿ. ಕೆಡಬಾರ್ದು ಅಂತ ಹಾಕೋದು. ಚೆಲ್ಲಬೇಡಿ, ತೊಳೀಬೇಡಿ. ತೊಳೆದ್ರೆ ರಿಪೋರ್ಟೇ ತಪ್ಪು ಬರುತ್ತೆ."

ಡಾಕ್ಟರ ಕೋಣೆಯ ಕಡೆ ಹೋದೆ.

ಡಾಕ್ಟರ್ ಓಟಿಯಲ್ಲಿದ್ದರು, ಒಂದು ಗಂಟೆಗೆ ಬರುತ್ತಾರೆ ಎಂದು ನರ್ಸ್ ಹೇಳಿದರು. ಆಗ ಹನ್ನೊಂದು. ಬೆಂಚಿನ ಮೇಲೆ ಕೂತೆ. ಎದ್ದೆ. ನೀರು ಕುಡಿದೆ. ಮತ್ತೆ ಕೂತೆ. ರಿಪೋರ್ಟನ್ನು ಮಡಚಿ ಮಡಚಿ ಅದರ ಅಂಚು ಹರಿಯಿತು. ಯಾ ಅಲ್ಲಾಹ್, ನಾನೇನು ಮಾಡಿದೆ! ಹೇಳಿದರೆ ಡಾಕ್ಟರ್ ಎಲ್ಲರ ಎದುರು ಬೈಯುತ್ತಾರೆ. ನಾದಿನಿಗೆ ಗೊತ್ತಾದರೆ ಮುಗಿಯಿತು, ಪ್ರತಿ ಹಬ್ಬಕ್ಕೂ ಅದೇ ಮಾತು. ತೊಳೆದರೂ ರಿಪೋರ್ಟ್ ಸರಿಯಾಗಿಯೇ ಬಂದಿರಬಹುದಲ್ಲ? ಸುಮ್ಮನಿದ್ದುಬಿಟ್ಟರೆ? ಹೀಗೆ ಯೋಚಿಸುತ್ತಿದ್ದಾಗಲೇ ಇಕ್ಬಾಲ್ ಹಲ್ಲುಕಡ್ಡಿ ಕಚ್ಚಿಕೊಂಡು ಬಂದು ಪಕ್ಕದಲ್ಲಿ ಕೂತರು. "ಯಾಕೆ, ಮುಖ ಸೊಟ್ಟ ಮಾಡ್ಕೊಂಡಿದ್ದೀಯ?" ಎಂದರು. ಏನಿಲ್ಲ ಎಂದೆ.

ಡಾಕ್ಟರ್ ರಿಪೋರ್ಟ್ ನೋಡಿ "ಗುಡ್" ಎಂದರು. ಪೆನ್ನು ತೆಗೆದರು.

"ಬರೀಬೇಡಿ ಡಾಕ್ಟ್ರೇ" ಎಂದೆ. "ಡಬ್ಬಿ ನಾನು ತೊಳ್ದುಬಿಟ್ಟಿದ್ದೆ. ಗಲೀಜು ಅಂದ್ಕೊಂಡೆ. ಸೋಪು ಹಾಕಿ ತೊಳ್ದೆ."

ಇಕ್ಬಾಲ್ ತಲೆ ತಗ್ಗಿಸಿದರು. ಡಾಕ್ಟರ್ ಪೆನ್ನು ಕೆಳಗಿಟ್ಟರು. ಬೈಯಲಿಲ್ಲ.

"ಹೇಳಿದ್ದು ಒಳ್ಳೇದಾಯ್ತಮ್ಮ. ಈ ರಿಪೋರ್ಟ್ ನಂಬೋ ಹಾಗಿಲ್ಲ. ಮತ್ತೆ ಮಾಡೋಣ. ನಾಳೆ ಆಪರೇಷನ್ ಬೇಡ."

ಎರಡನೇ ರಿಪೋರ್ಟಿನಲ್ಲಿ ಅಂಕಿಗಳು ಮೇಲಕ್ಕೆ ಹಾರಿದ್ದವು. ಸ್ಕ್ಯಾನ್‌ನಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಗಡ್ಡೆ ಕಂಡಿತು. ಕೆಲವು ವಾರ ಬೇರೆ ಮಾತ್ರೆ ಕೊಟ್ಟು, ಬಿಪಿ ಹಿಡಿತಕ್ಕೆ ತಂದು, ಆಮೇಲೆ ತೆಗೆದರು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಲ್ಲ ಎಂದು ಬಂತು. ಆದರೂ ವರ್ಷಕ್ಕೊಮ್ಮೆ ಟೆಸ್ಟ್ ತಪ್ಪಿಸಬಾರದಂತೆ. ಈಗ ತಲೆನೋವಿಲ್ಲ. ಹರ್ನಿಯಾ ಸರದಿ ಕಾಯುತ್ತಿದೆ.

ನೋಡಲು ಬಂದವರಿಗೆಲ್ಲ ಇಕ್ಬಾಲ್ ಹೇಳುವುದು ಒಂದೇ ಕಥೆ. "ತಪ್ಪು ಗೊತ್ತಾದ ತಕ್ಷಣ ನಸೀಮಾ ಡಾಕ್ಟ್ರಿಗೆ ಹೇಳಿಬಿಟ್ಲು. ಇವಳಿಂದ ಉಳ್ದೆ." ಆ 'ತಕ್ಷಣ' ಕೇಳಿದಾಗೆಲ್ಲ ನನಗೆ ಸಂಕಟ. ಮೊನ್ನೆ ಬಂದವರು ಹೋದ ಮೇಲೆ ತಡೆಯಲಾಗಲಿಲ್ಲ.

"ತಕ್ಷಣ ಹೇಳ್ಲಿಲ್ಲ ರೀ. ಎರಡು ಗಂಟೆ ಸುಮ್ನೆ ಕೂತಿದ್ದೆ. ಹೇಳೋದೇ ಬೇಡ ಅಂತಾನೂ ಅನ್ಸಿತ್ತು" ಎಂದು ಅತ್ತೆ.

ಅವರು ಹೊಲಿಗೆಯ ಜಾಗಕ್ಕೆ ಕೈ ಒತ್ತಿ ಹಿಡಿದು ಎದ್ದು ಕೂತರು.

"ನಿಂದು ಎರಡು ಗಂಟೆ" ಎಂದರು. "ನಂಗೆ ಡಬ್ಬಿ ಕೊಡೋವಾಗ್ಲೇ ಹೇಳಿದ್ರು, ಒಳಗೆ ಆಸಿಡ್ ಇದೆ ಅಂತ. ನೀನು ತೊಳೆದು ಬಿಸಿಲಿಗಿಟ್ಟಿದ್ದನ್ನೂ ನೋಡ್ದೆ. ಆ ಕಿಟಕಿ ಮುಂದೆ, ಹೆಣ್ಮಗಳ ಹತ್ರ, ಇನ್ನೊಂದು ಡಬ್ಬಿ ಕೊಡಿ ಅನ್ನೋಕೆ ನಾಚಿಕೆ, ಶರಮ್ ಆಯ್ತು. ಅದ್ರಲ್ಲೇ ತುಂಬ್ಸಿ ಕೊಟ್ಟೆ."

ನಾನು ಅಳು ನಿಲ್ಲಿಸಿ ಅವರನ್ನೇ ನೋಡಿದೆ.

"ಸತ್ತೇ ಹೋಗ್ತಿದ್ರಲ್ರೀ! ಶರಮ್ ಅಂತೆ ಶರಮ್! ಬುದ್ಧಿ ಇದೆಯಾ ನಿಮಗೆ?"

ಬೈದೆ. ಕನ್ನಡದಲ್ಲಿ ಬೈದು ಸಾಲದೆ ದಖನಿಯಲ್ಲೂ ಬೈದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದರು. ನಡುವೆ ಬೈಗುಳ ನಿಲ್ಲಿಸಿದೆ. ಬೈಸಿಕೊಳ್ಳಲು ಮನುಷ್ಯ ಜೀವಂತವಾಗಿ ಎದುರಿಗೆ ಕೂತಿದ್ದರು. ಅಲ್ಲಾಹನಿಗೆ ಶುಕ್ರ್ ಹೇಳಿ, ಕಣ್ಣೊರೆಸಿಕೊಂಡು, ಮತ್ತೆ ಬೈಯಲು ಶುರುಮಾಡಿದೆ.