ಸೂಜಿ ಹಿಡಿದ ಜ್ವರ

ನೊಣವಿನಕೆರೆಯ ಗಿಡ್ಡಯ್ಯ ನಲವತ್ತು ವರ್ಷ ಊರವರ ಅಟ್ಟಗಳಿಂದ ಕಾಯಿ ಇಳಿಸಿ ಕೊಬ್ಬರಿ ಸುಲಿದವನು. ಕಾಯನ್ನು ಕಿವಿಯ ಹತ್ತಿರ ಒಮ್ಮೆ ಅಲ್ಲಾಡಿಸಿದರೆ ಸಾಕು, ಒಳಗೆ ಒಣಗಿದೆಯೋ ಇನ್ನೂ ನೀರಿದೆಯೋ ಹೇಳಿಬಿಡುತ್ತಿದ್ದ. ೨೦೦೬ರಲ್ಲಿ ಕಣ್ಣು ಹಳದಿಯಾಗಿ ಬೆಂಗಳೂರಿನ ಆಸ್ಪತ್ರೆಗೆ ಹೋದಾಗ, ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಲಿವರಿಗೂ ಹಬ್ಬಿತ್ತು.

ಡಾಕ್ಟರು ರೇಣುಕಪ್ರಸಾದ್ ಮುಚ್ಚುಮರೆ ಮಾಡಲಿಲ್ಲ. ಕೀಮೋ ಜೊತೆಗೆ ಹೊಸ ಲಸಿಕೆಯೊಂದನ್ನು ಪರೀಕ್ಷಿಸುತ್ತಿದ್ದೇವೆ, ಗುಣವಾಗುತ್ತದೆಂಬ ಭರವಸೆಯಿಲ್ಲ ಎಂದರು.

"ಹಾಕಿ ಸಾಮಿ. ಮೊಮ್ಮಗ್ಳು ನಡೆಯೋಗಂಟ ಇದ್ರೆ ಸಾಕು," ಎಂದು ಗಿಡ್ಡಯ್ಯ ಹೆಬ್ಬೆಟ್ಟು ಒತ್ತಿದ.

ದಿನಾ ಜ್ವರ ನೋಡಿ ಬರೆಯುವ ಕೆಲಸ ಸೊಸೆ ಅನುಪಮಾಳದು. ನೂರು ದಾಟಿದ ಕೂಡಲೇ ಫೋನ್ ಮಾಡಬೇಕೆಂದು ನರ್ಸ್ ಎರಡೆರಡು ಸಲ ಹೇಳಿದ್ದಳು.

ಮೂರನೆಯ ಲಸಿಕೆಯಾದ ಎಂಟನೆಯ ದಿನ ನೂರಾ ಒಂದು ಬಂತು. ಅನುಪಮಾ ಒಳಗೊಳಗೇ ಹಿಗ್ಗಿದಳು. ಹತ್ತು ತಿಂಗಳ ಮಗಳಿಗೆ ಸೂಜಿ ಹಾಕಿಸಿದಾಗಲೂ ಹೀಗೇ ಮೈ ಸುಡುತ್ತಿತ್ತು.

"ಫೋನ್ ಮಾಡಲ್ವೇನೇ?" ಅಂದಳು ಅತ್ತೆ ಪುಟ್ಟಗಂಗಮ್ಮ.

"ಸೂಜಿ ಹಿಡಿದೈತೆ ಕಣತ್ತೆ. ಪಾಪುಗೂ ಬರ್ಲಿಲ್ವಾ?"

"ಅದು ಎಳೇ ಕೂಸು ಕಣೇ, ಇದು ಮುದಿ ಕೋಣ!"

"ಕೋಣಕ್ಕೂ ಸೂಜಿ ಹಾಕ್ತಾರೆ, ಸುಮ್ನಿರೇ," ಎಂದಿತು ಕಂಬಳಿಯೊಳಗಿನ ದನಿ. ಮೂವರೂ ನಕ್ಕರು.

ಎರಡು ದಿನ ಜ್ವರದ ಮಾತ್ರೆ, ಹಣೆಗೆ ಒದ್ದೆ ಬಟ್ಟೆ. ಮೂರನೆಯ ಬೆಳಿಗ್ಗೆ ಗಿಡ್ಡಯ್ಯನಿಗೆ ಎದ್ದು ಕೂರಲೂ ಆಗಲಿಲ್ಲ. ಅನುಪಮಾಳ ಗಂಡ ಕಾಂತೇಶ ಕಾರು ಮಾಡಿಕೊಂಡು ಬಂದ. ಪಾಪುವನ್ನು ಅತ್ತೆಯ ಕೈಗೆ ಕೊಟ್ಟು ಅನುಪಮಾಳೂ ಬೆಂಗಳೂರಿಗೆ ಹೊರಟಳು.

"ಜ್ವರ ಯಾವಾಗಿಂದ?" ಎಂದರು ಡಾಕ್ಟರು.

ಅನುಪಮಾ ಬಾಯಿ ತೆರೆಯುವ ಮೊದಲೇ ಗಿಡ್ಡಯ್ಯ, "ಇವತ್ತು ಬೆಳಿಗ್ಗೆಯಿಂದ ಸಾಮಿ," ಅಂದುಬಿಟ್ಟ. ನರ್ಸ್ ಅದನ್ನೇ ಬರೆದುಕೊಂಡಳು. ಅನುಪಮಾಳಿಗೆ ಒಂದು ಗಳಿಗೆ ಉಸಿರು ಸಲೀಸಾಯಿತು. ಹಾಗಾದದ್ದಕ್ಕೇ ನಾಚಿಕೆಯಾಗಿ, ಡಾಕ್ಟರ ಹಿಂದೆ ಓಡಿದಳು.

"ಮೊನ್ನೆಯಿಂದ ಇತ್ತು ಸಾರ್. ಲಸಿಕೆ ಹಿಡೀತು ಅಂದ್ಕೊಂಡೆ. ನಾನೇ ಫೋನ್ ಮಾಡ್ಲಿಲ್ಲ."

"ಲಸಿಕೆ ಜ್ವರ ಆಗಿದ್ರೆ ಒಂದೆರಡು ದಿನದಲ್ಲೇ ಬಂದು ಹೋಗಿರೋದಮ್ಮ. ಕೀಮೋಗೆ ಬಿಳಿ ರಕ್ತಕಣ ಇಳಿದು, ರಕ್ತಕ್ಕೆ ಸೋಂಕು ಸೇರಿದೆ."

"ಅವತ್ತೇ ಫೋನ್ ಮಾಡಿದ್ರೆ?"

"ಅವತ್ತೇ ಔಷಧಿ ಶುರು ಮಾಡ್ತಿದ್ವಿ."

ನಾಲ್ಕು ದಿನಕ್ಕೆ ಜ್ವರ ಇಳಿಯಿತು. ಆದರೆ ಮೈಯಲ್ಲಿ ತ್ರಾಣ ಉಳಿದಿರಲಿಲ್ಲ. ಲಸಿಕೆಯ ಪರೀಕ್ಷೆಯಿಂದ ಅವನ ಹೆಸರು ತೆಗೆದರು.

"ಮಾವ, ಇನ್ನು ಆ ಸೂಜಿ ಹಾಕಲ್ವಂತೆ. ನನ್ನಿಂದ..."

"ಪಾಪು ನಿನ್ನ ಹಾಲಿಲ್ದೆ ನಾಲ್ಕು ದಿನ ಆಯ್ತು," ಅಂದ ಗಿಡ್ಡಯ್ಯ. "ಹೊರಡು ಕಣವ್ವ, ಬಸ್ಸು ತಪ್ತದೆ."

ಅನುಪಮಾ ಮಂಚದ ಕಾಲು ಹಿಡಿದು ಅಲ್ಲೇ ಕುಳಿತಳು. ಬೈದಿದ್ದರೆ ಎದ್ದು ಹೋಗಬಹುದಿತ್ತು.