ಬಿದ್ದವನು ಎದ್ದನೇನು?

ಮಗಳು ಮೊಬೈಲಿನಲ್ಲಿ ನಾಲ್ಕು ಹುಡುಗರ ಬ್ಯಾಂಡಿನ ಕಾಮಿಡಿ ನೋಡುತ್ತ ನಗುತ್ತಿದ್ದಳು. ಆ ನಗು ಕೇಳಿದ್ದೇ ದೇವದುರ್ಗದ ಹತ್ತಿರದ ನಮ್ಮೂರು ಕಣ್ಣ ಮುಂದೆ ಬಂತು.

ನಾವು ಚಿಕ್ಕವರಿದ್ದಾಗಲೂ ಟೀವಿಯಲ್ಲಿ ಅಂಥದ್ದೇ ಒಂದು ಬರುತ್ತಿತ್ತು. ಅದರ ಹುಡುಗರು ವೇದಿಕೆಯಿಂದ ಉರುಳುತ್ತಿದ್ದರು, ಡ್ರಮ್ಮಿನೊಳಗೆ ಸಿಕ್ಕಿಕೊಳ್ಳುತ್ತಿದ್ದರು. ಏನೇ ಆದರೂ ಹಾಡು ಮುಗಿಯುವಷ್ಟರಲ್ಲಿ ಎದ್ದು ಕುಣಿಯುತ್ತಿದ್ದರು. ನಮಗೆ ಹುಚ್ಚು ಹಿಡಿಸಿದ್ದು ಅದೇ.

ಓಣಿಯ ಹುಡುಗರೆಲ್ಲ ಸೇರಿ ನಾವೂ ಬ್ಯಾಂಡ್ ಕಟ್ಟಿದೆವು. ನನಗೆ ಬಡಿಯಲು ಡಬ್ಬಿ ಸಿಕ್ಕಿತು, ತಮ್ಮ ಬಸವನಿಗೆ ಊದಲು ಏನೂ ಇರಲಿಲ್ಲ. ಹತ್ತಿಗೆ ಹೊಡೆದ ಕೀಟನಾಶಕದ ಖಾಲಿ ಬಾಟಲಿಗಳನ್ನು ಅವ್ವ ಬೂದಿ ಹಾಕಿ ತೊಳೆದು, ಬಯಲಕಡೆಗೆ ಹೋಗುವಾಗ ನೀರು ಒಯ್ಯಲು ಇಡುತ್ತಿದ್ದಳು. ಅದರಲ್ಲೊಂದನ್ನು ಅವನಿಗೆ ಕೊಟ್ಟು, "ತೊಳದೀನಿ, ತಗೋ ಊದು," ಎಂದಳು.

ಬಾಟಲಿಯಲ್ಲಿ ನೀರು ಕಡಿಮೆಯಾದಂತೆ ಸ್ವರ ಬದಲಾಗುತ್ತಿತ್ತು. ಹಾಗಾಗಿ ಬಸವ ನೀರು ತುಂಬಿಸಿಕೊಂಡು ಗುಟುಕು ಗುಟುಕಾಗಿ ಕುಡಿಯುತ್ತ ಊದಿದ. ಮಧ್ಯಾಹ್ನ ಕಟ್ಟೆಯಿಂದ ಬಿದ್ದ. ಬಾಯಲ್ಲಿ ನೊರೆ ಬಂದಾಗ ನಾವು ಚಪ್ಪಾಳೆ ತಟ್ಟಿದೆವು. ಈಗ ಏಳುತ್ತಾನೆಂದು ಇಡೀ ಹಾಡನ್ನು ಇನ್ನೊಮ್ಮೆ ಹಾಡಿದೆವು. ಅವನು ಏಳಲೇ ಇಲ್ಲ.

ಇವತ್ತು ಅವ್ವ ಮೊಮ್ಮಗಳ ಪಕ್ಕದಲ್ಲೇ ಕೂತಿದ್ದಳು. ಮೊಬೈಲಿನಲ್ಲಿ ಹುಡುಗನೊಬ್ಬ ದೊಪ್ಪನೆ ಬಿದ್ದದ್ದೇ ಕಣ್ಣು ಮುಚ್ಚಿಕೊಂಡಳು.

"ಎದ್ದನೇನವ್ವಾ?" ಎಂದು ಮೊಮ್ಮಗಳನ್ನು ಕೇಳಿದಳು.

"ಎದ್ದ ಅಜ್ಜೀ, ಕುಣ್ಯಾಕತ್ತಾನ ನೋಡು."

ಅವ್ವ ಕಣ್ಣು ತೆರೆಯಲಿಲ್ಲ.